ಎರಡು ಎಡ, ಒಂದು ಬಲ

ಶಾರ್ಜಾ
14-3-2004

ಉಗ್ಗಪ್ಪಣ್ಣನಿಗೆ ಮೊಗ್ರಾಲಿನ ಪೊಕ್ಕರ್ ಮಗ ತೌಫೀಕ್ ಹೇಳುವ ಸಲಾಂ.

ಗಲ್ಫಿಗೆ ಹೋಗಿ ಎರಡು ವರ್ಷವಾದರೂ ಇವನು ಒಂದು ಕಾಗದ ಹಾಕಲಿಲ್ಲ ಎಂದು ಬೈಯುತ್ತಿರಬಹುದು. ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ಗೋದಾಮಿನಲ್ಲಿ ಟೈಲ್ಸಿನ ಪೆಟ್ಟಿಗೆ ಹೊರುವವನಿಗೆ ಬರೆಯಲು ಎಂತ ಇರುತ್ತದೆ? ಈಗ ಉಂಟು.

ನಮ್ಮ ಯಜಮಾನರನ್ನು ಇಲ್ಲಿ ಎಲ್ಲರೂ ಅರಬಾಬ್ ಎನ್ನುತ್ತಾರೆ. ಅವರಿಗೆ ಬಿಲ್ಲುಬಾಣದ ಹುಚ್ಚು. ಹಳೆಕಾಲದ ಮರದ ಬಿಲ್ಲೇ ಆಗಬೇಕು. ಅದಕ್ಕೆಂದೇ ಊರ ಹೊರಗೆ ಒಂದು ಕ್ಲಬ್ಬು ಮಾಡಿದ್ದಾರೆ. ಕಳೆದ ತಿಂಗಳು ಅಲ್ಲಿ ಟೈಲ್ಸ್ ಇಳಿಸಲು ಹೋಗಿದ್ದೆ. ಒಬ್ಬ ಕೂತು ಬಾಣಕ್ಕೆ ಗರಿ ಅಂಟಿಸುತ್ತಿದ್ದ. ಎರಡು ಗರಿ ಹಕ್ಕಿಯ ಎಡರೆಕ್ಕೆಯದು, ಒಂದು ಬಲರೆಕ್ಕೆಯದು. ನನಗೆ ನಗು ತಡೆಯಲಿಲ್ಲ. ಎಂತಕ್ಕೆ ನಗುತ್ತಿ ಎಂದು ಅರಬಾಬ್ ಕೇಳಿದರು. ಈ ಬಾಣ ಕುಡಿದವನ ಹಾಗೆ ಹೋಗುತ್ತದೆ ಎಂದೆ. ಬಿಟ್ಟು ನೋಡಿದರು, ಹಾಗೆಯೇ ಹೋಯಿತು. ಮರುವಾರ ನನ್ನನ್ನು ಗೋದಾಮಿನಿಂದ ಕ್ಲಬ್ಬಿಗೆ ಹಾಕಿದರು. ಈಗ ನಾನು ಬಾಣ ರಿಪೇರಿಯವನು. ಕೂರಲು ಎಸಿ ಕೋಣೆ ಉಂಟು. ಉಮ್ಮ ಮೊಗ್ರಾಲಿನಲ್ಲಿ ನನ್ನನ್ನು ಎಂಜಿನಿಯರ್ ಮಾಡಿಬಿಟ್ಟಿದ್ದಾರಂತೆ.

ಕಷ್ಟ ಇರುವುದು ಇಲ್ಲಿ. ನನಗೆ ಗರಿ ಆಯಲು ಬರುತ್ತದೆ, ಅಂಟಿಸಲು ಬರುವುದಿಲ್ಲ. ನೀವು ಅದನ್ನು ಕಲಿಸುವ ಮೊದಲೇ ನನ್ನ ಪಾಸ್‌ಪೋರ್ಟ್ ಬಂತು. ಎಲ್ಲಿಂದ ಶುರು ಮಾಡುವುದು, ಎಷ್ಟು ವಾರೆ ಕೊಡುವುದು, ಯಾವ ಗರಿ ಹೊರಗೆ? ದಯವಿಟ್ಟು ಬರೆಯಿರಿ. ಬಾರದೆ ಹೋದರೆ ಪುನಃ ಟೈಲ್ಸ್ ಹೊರಬೇಕು, ನನ್ನ ಸೊಂಟ ಅದಕ್ಕೆ ಒಪ್ಪುವುದಿಲ್ಲ.

ಮನೆಯಲ್ಲಿ ದಮಯಂತಕ್ಕನಿಗೆ ಸಲಾಂ.
ತೌಫೀಕ್


ಪುತ್ತಿಗೆ
9-4-2004

ತೌಫೀಕಾ,

ನಿನ್ನ ಕಾಗದ ಬಂದಾಗ ನಾನು ಓಟೆಬಿದಿರಿನ ಕೋಲು ಬೆಂಕಿಗೆ ಹಿಡಿದು ನೇರ ಮಾಡುತ್ತಿದ್ದೆ. ಓದುತ್ತಾ ಓದುತ್ತಾ ಒಂದು ಕೋಲು ಸುಟ್ಟೇ ಹೋಯಿತು. ಅದರ ಪಾಪ ನಿನಗೆ. ದಮಯಂತಿ ಎರಡು ಸಲ ಓದಿಸಿದಳು. ಟೈಲ್ಸ್ ಹೊರುವ ಹುಡುಗ ಅರಬಿಯ ಎದುರು ನಕ್ಕದ್ದು ಅವಳಿಗೆ ಬಹಳ ಹಿಡಿಸಿದೆ.

ನಿನಗೆ ಒಂಬತ್ತು ವರ್ಷ ಇರುವಾಗ ನಿನ್ನ ಉಪ್ಪ ಪೊಕ್ಕರ್ ಟರ್ಕಿಕೋಳಿಯ ಗರಿ ಚೀಲದಲ್ಲಿ ತುಂಬಿ ತಂದು ಕೊಡುತ್ತಿದ್ದರು, ಚೀಲದ ಹಿಂದೆ ನೀನು. ನಿನ್ನ ಕಣ್ಣಿಗೆ ನನ್ನ ಹೆಗಲಿನ ಬೈರಾಸು ಕಟ್ಟಿ ಗರಿ ಕೈಗೆ ಕೊಡುತ್ತಿದ್ದೆ, ನೆನಪುಂಟಾ? ಬೆನ್ನು ಮೇಲೆ ಮಾಡಿ, ತುದಿ ಆಚೆ ಮಾಡಿ ಹಿಡಿ. ಅಗಲದ ಪಕ್ಕ ಎಡಕ್ಕೆ ಬಂದರೆ ಎಡರೆಕ್ಕೆ, ಬಲಕ್ಕೆ ಬಂದರೆ ಬಲರೆಕ್ಕೆ. ನೀನು ತುಟಿಗೆ ಸವರಿ ಹೇಳುತ್ತಿದ್ದೆ, ಐವತ್ತರಲ್ಲಿ ಒಂದೂ ತಪ್ಪುತ್ತಿರಲಿಲ್ಲ. ಈ ಕೆಲಸಕ್ಕೆ ಕಣ್ಣು ಬೇಡ ಎಂದು ನಾನು ಆಗ ಹೇಳಿದ್ದೆ.

ಈಗ ಉಳಿದದ್ದು ಬರೆದುಕೋ. ಒಂದು ಬಾಣಕ್ಕೆ ಒಂದೇ ರೆಕ್ಕೆಯ ಮೂರು ಗರಿ. ಎಡವಾದರೆ ಮೂರೂ ಎಡ, ಬಲವಾದರೆ ಮೂರೂ ಬಲ. ಯಾವುದಾದರೂ ನಡೆಯುತ್ತದೆ, ಬೆರೆಸುವುದು ಮಾತ್ರ ನಡೆಯುವುದಿಲ್ಲ. ಒಂದೇ ಕಡೆಯದಾದರೆ ಬಾಣ ತನ್ನಷ್ಟಕ್ಕೆ ತಿರುಗುತ್ತಾ ಹೋಗುತ್ತದೆ, ತಿರುಗುವ ಬಾಣ ದಾರಿ ಬಿಡುವುದಿಲ್ಲ. ಗರಿಯ ಬುಡ ಅಕ್ಕಿಕಾಳಿನಷ್ಟು ವಾರೆ ಇರಲಿ, ರೆಕ್ಕೆ ಯಾವ ಕಡೆಗೆ ಬಾಗಿದೆಯೋ ಆ ಕಡೆಗೇ. ಮೂರರಲ್ಲಿ ಒಂದು ಗರಿ ಬಿಲ್ಲಿಗೆ ಬೆನ್ನು ಹಾಕಿ ಹೊರಗೆ ನೋಡಬೇಕು, ಉಳಿದೆರಡು ಬಿಲ್ಲಿಗೆ ಉಜ್ಜದೆ ದಾಟಬೇಕು. ಗರಿಯ ಮುಂದಿನ ಕಡ್ಡಿಯನ್ನು ನೂಲು ಸುತ್ತಿ ಮುಚ್ಚು, ಇಲ್ಲದಿದ್ದರೆ ನಿನ್ನ ಕೈಯನ್ನೇ ಸೀಳುತ್ತದೆ. ಹಲಸಿನ ಮೇಣ ಅಲ್ಲಿ ಸಿಗಲಿಕ್ಕಿಲ್ಲ, ಎಂತ ಸಿಗುತ್ತದೋ ಅದರಲ್ಲಿ ಅಂಟಿಸು, ಒಂದಿಡೀ ದಿನ ಒಣಗಿಸು.

ಇನ್ನೊಂದು ಮಾತು. ಕೆಡ್ಡಸದ ದಿನ ಭೂಮಿತಾಯಿಯ ಹಬ್ಬ, ನಮ್ಮಲ್ಲಿ ಮಣ್ಣಿಗೆ ಹಾರೆ ಹಾಕುವ ಹಾಗಿಲ್ಲ, ಹಿಂದಿನ ಹಾಗೆ ಬೇಟೆಗೆ ಹೋಗಲು ಈಗ ಕಾನೂನು ಬಿಡುವುದಿಲ್ಲ, ಅದಕ್ಕೆ ಗದ್ದೆಯಲ್ಲಿ ಬಾಳೆದಿಂಡು ನೆಟ್ಟು ಬಾಣ ಬಿಡುತ್ತೇವೆ. ಮೊದಲ ಬಾಣದ ಮುಂಚೆ ನಾನು ಮುದ್ದಣ್ಣ ಮಾವನ ಹೆಸರು ಮೂರು ಸಲ ಕೂಗುವುದು ನೀನು ನೋಡಿದ್ದಿ. ಬಾಣ ಮಾಡುವವನು ತನಗೆ ಕಲಿಸಿದವನ ಹೆಸರು ಕೂಗದೆ ಬಿಲ್ಲು ಎಳೆಯುವ ಕ್ರಮ ನಮ್ಮಲ್ಲಿ ಇಲ್ಲ. ಅಲ್ಲಿ ನೀನು ಯಾರ ಹೆಸರು ಕೂಗುತ್ತಿ ಎಂದು ನಾನು ಕೇಳುವುದಿಲ್ಲ. ಜೋರಾಗಿ ಕೂಗು ಮಾರಾಯ, ಪುತ್ತಿಗೆಗೆ ಕೇಳಲಿ.

ನಿನ್ನ
ಉಗ್ಗಪ್ಪ


ಶಾರ್ಜಾ
20-6-2004

ಉಗ್ಗಪ್ಪಣ್ಣ,

ಹೋಯಿತು! ನೇರ ಹೋಯಿತು! ನೀವು ಹೇಳಿದ ಹಾಗೆ ತಿರುಗುತ್ತಾ ತಿರುಗುತ್ತಾ ಹೋಗಿ ಹುಲ್ಲಿನ ಗುರಿಗೆ ನಾಟಿತು. ಅರಬಾಬ್ ನನ್ನ ಬೆನ್ನು ತಟ್ಟಿದರು. ನಾಲ್ಕು ದಿನ ಬೆನ್ನು ನೋಯುತ್ತಿತ್ತು, ಅಷ್ಟು ಸಂತೋಷ ಅವರಿಗೆ.

ಎರಡು ಸಂಶಯ. ಒಂದು, ಕೆಲವು ಬಾಣ ಬಿಲ್ಲು ಬಿಡುವಾಗಲೇ ಬಾಲ ಒಗೆಯುತ್ತವೆ. ಇನ್ನೊಂದು, ಇಲ್ಲಿ ಮಧ್ಯಾಹ್ನ ಮರಳುಗಾಳಿ ಎಡಗಡೆಯಿಂದ ಹೊಡೆಯುತ್ತದೆ. ಗುರಿ ದೂರವಾದರೆ ಬಾಣ ಬಲಕ್ಕೆ ಜಾರುತ್ತದೆ. ಮೊಗ್ರಾಲಿನ ಕಡಲಗಾಳಿಗೆ ನೀವು ಎಂತ ಮಾಡುತ್ತಿದ್ದಿರಿ?

ಇಲ್ಲಿಯವರಿಗೆಲ್ಲ ನಾನೇ ದೊಡ್ಡ ಜನ ಎಂದು ಆಗಿಬಿಟ್ಟಿದೆ. ಎಂತ ಕೇಳಿದರೂ ನಾಳೆ ಹೇಳುತ್ತೇನೆ ಎನ್ನುತ್ತೇನೆ, ನಾಳೆ ಎಂದರೆ ನಿಮ್ಮ ಕಾಗದ ಬರುವ ದಿನ. ನಗಾಡಬೇಡಿ.

ತೌಫೀಕ್


ಪುತ್ತಿಗೆ
25-7-2004

ತೌಫೀಕಾ,

ನಗಾಡಿದೆ. ದಮಯಂತಿಯೂ ನಗಾಡಿದಳು. ಹೊರಗೆ ಮಳೆ ಕಣ್ಣು ಬಿಡಲು ಬಿಡುವುದಿಲ್ಲ, ಗರಿಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೇನೆ.

ಬಾಲ ಒಗೆಯುವುದು ಗರಿ ಬಿಲ್ಲಿಗೆ ಉಜ್ಜುವುದರಿಂದ. ಬಾಣದ ಹಿಂದೆ ಹುರಿ ಕೂರುವ ಕಚ್ಚನ್ನು ಎಳ್ಳಿನಷ್ಟು ತಿರುಗಿಸಿ ಕೊರೆ. ಆಗ ಮೂರು ಗರಿಯೂ ಎಳ್ಳಿನಷ್ಟು ತಿರುಗಿ ನಿಲ್ಲುತ್ತವೆ. ಬಿಟ್ಟು ನೋಡು, ಪುನಃ ಎಳ್ಳಿನಷ್ಟು. ಅವಸರ ಮಾಡಬೇಡ, ಒಂದು ಬಾಣಕ್ಕೆ ಒಂದು ಹಗಲು ಹೋಗಲಿ. ಗಾಳಿಗೆ ಗರಿ ತಗ್ಗಿಸಿ ಕತ್ತರಿಸು, ಉದ್ದ ಮಾತ್ರ ಹೆಚ್ಚಿಸು. ವಾರೆ ಹೆಚ್ಚು ಕೊಟ್ಟರೆ ಬಾಣ ಬೇಗ ಸರಿಯಾಗುತ್ತದೆ, ಬೇಗ ದಣಿಯುತ್ತದೆ ಕೂಡ. ನಿನ್ನ ಗುರಿ ಎಷ್ಟು ಮಾರು ಎಂದು ನೋಡಿ ಮಾಡು. ಮುದ್ದಣ್ಣ ಮಾವನ ಹತ್ತಿರ ಗಾಳಿಗೆ ಇನ್ನೊಂದು ಉಪಾಯ ಇತ್ತು, ಅದನ್ನು ಕಾಗದದಲ್ಲಿ ಬರೆಯುವುದಿಲ್ಲ. ನೀನು ರಜೆಯಲ್ಲಿ ಬಂದಾಗ ಕೈಹಿಡಿದು ತೋರಿಸುತ್ತೇನೆ.

ಈ ಸಲ ಕೆಡ್ಡಸಕ್ಕೆ ಬಾಣ ಬಿಡಲು ಬಂದವರು ನಾಲ್ಕು ಜನ. ನಾಲ್ಕರಲ್ಲಿ ಇಬ್ಬರಿಗೆ ಬಿಲ್ಲು ಬಗ್ಗಿಸುವ ತ್ರಾಣ ಇಲ್ಲ. ನನ್ನ ನಂತರ ಇದನ್ನು ಯಾರು ಮಾಡುತ್ತಾರೆ ಎಂದು ಆಲೋಚಿಸಿ ಕೆಲವು ಸಲ ಊಟ ಸೇರುತ್ತಿರಲಿಲ್ಲ. ಈಗ ಸೇರುತ್ತದೆ. ಶಾರ್ಜಾದಲ್ಲಾದರೂ ಉಳಿಯಲಿ, ಕೂಗುವ ಹೆಸರಿಗೆ ಊರು ಯಾವುದಾದರೆ ಎಂತ.

ಕೂಗಿದೆಯಾ? ದಮಯಂತಿ ಕೇಳುತ್ತಿದ್ದಾಳೆ, ನಾನಲ್ಲ.

ಉಗ್ಗಪ್ಪ


ಶಾರ್ಜಾ
5-9-2004

ಉಗ್ಗಪ್ಪಣ್ಣ,

ಕಚ್ಚು ತಿರುಗಿಸಿದ್ದು ಸರಿಯಾಯಿತು. ಎಳ್ಳು ಎಂದರೆ ಎಷ್ಟು ಎಂದು ಇಲ್ಲಿಯವರಿಗೆ ಹೇಳಿಕೊಡಲು ಅಂಗಡಿಯಿಂದ ಎಳ್ಳೇ ತಂದೆ.

ಈಗ ದೊಡ್ಡ ವಿಷಯ. ಪೆರ್ನಾಲು ಹಬ್ಬ ಕಳೆದು ನವೆಂಬರ್ 26ಕ್ಕೆ, ಶುಕ್ರವಾರ, ಕ್ಲಬ್ಬಿನಲ್ಲಿ ಪ್ರದರ್ಶನ ಉಂಟು. ಬೇರೆ ಬೇರೆ ದೇಶದ ಬಾಣ ಮಾಡುವವರು ಬರುತ್ತಾರೆ. ಒಬ್ಬೊಬ್ಬರು ಹನ್ನೆರಡು ಬಾಣ ಮಾಡಿ ತಾವೇ ಬಿಟ್ಟು ತೋರಿಸಬೇಕು. ಅರಬಾಬ್ ನನ್ನನ್ನು ನಿಲ್ಲಿಸುತ್ತಿದ್ದಾರೆ. ಚೆನ್ನಾಗಿ ಆದರೆ ನನ್ನನ್ನು ಕ್ಲಬ್ಬಿನಲ್ಲಿ ಕಾಯಂ ಮಾಡುತ್ತಾರೆ, ಇಲ್ಲದಿದ್ದರೆ ಗೋದಾಮು.

ಇಲ್ಲಿ ಸಿಗುವ ಗರಿ ಬಣ್ಣ ಹಾಕಿದ್ದು, ಸತ್ವ ಇಲ್ಲ. ಉಪ್ಪನ ಟರ್ಕಿಯದ್ದೇ ಆಗಬೇಕು, ನೀವೇ ಆಯಬೇಕು. ಮೂವತ್ತಾರು ಗರಿ ಕಳಿಸುತ್ತೀರಾ? ನಮ್ಮ ನೆರೆಯವರೊಬ್ಬರು ಪೆರ್ನಾಲಿಗೆ ಊರಿಗೆ ಬಂದಿರುತ್ತಾರೆ, ಹಿಂದೆ ಬರುವಾಗ ತರುತ್ತಾರೆ. ಉಪ್ಪನ ಹತ್ತಿರ ಕೊಟ್ಟರೆ ಸಾಕು.

ಹೆಸರಿನ ವಿಷಯ ಮುಂದೆ ಬರೆಯುತ್ತೇನೆ.

ತೌಫೀಕ್


ಪುತ್ತಿಗೆ
17-11-2004

ತೌಫೀಕನಿಗೆ,

ಇದನ್ನು ಅಂಚೆಗೆ ಹಾಕುವುದಿಲ್ಲ. ಗೊತ್ತಿದ್ದೇ ಬರೆಯುತ್ತಿದ್ದೇನೆ. ಬರೆಯದಿದ್ದರೆ ಯಾರಿಗಾದರೂ ಹೊಡೆದೇನು.

ಇವತ್ತು ವಾಚನಾಲಯದ ಶಿವಸುಬ್ರಹ್ಮಣ್ಯ ನನ್ನನ್ನು ಕರೆದ. "ಉಗ್ಗಪ್ಪಣ್ಣ, ಬನ್ನಿ ಬನ್ನಿ, ನಿಮ್ಮ ಬ್ಯಾರಿ ಶಿಷ್ಯನ ಪಟ ಪೇಪರಿನಲ್ಲಿ ಬಂದಿದೆ" ಎಂದ. ಮಲಯಾಳ ಪೇಪರು, ಗಲ್ಫಿನ ಸುದ್ದಿ ಹಾಕುವ ಪುಟ. ನೀನು ಬಾಣ ಹಿಡಿದು ನಿಂತಿದ್ದಿ. ಗಡ್ಡ ಬಿಟ್ಟಿದ್ದಿ. ನನಗೆ ಎದೆ ಉಬ್ಬಿ ಬಂತು, ಅಲ್ಲಿದ್ದವರನ್ನೆಲ್ಲ ಕರೆದು ತೋರಿಸಿದೆ. ನನಗೆ ಮಲಯಾಳ ಓದಲು ಬಾರದಲ್ಲ, ಓದಿ ಹೇಳು ಮಾರಾಯ ಎಂದೆ. ಅವನು ಓದಿ ಕನ್ನಡದಲ್ಲಿ ಹೇಳಿದ. ಮೊಗ್ರಾಲಿನ ತೌಫೀಕ್, ಗರಿಯ ಮಾಂತ್ರಿಕ. ಈ ವಿದ್ಯೆ ಅಜ್ಜನಿಂದ ಬಂತು, ನಮ್ಮದು ತಲೆತಲಾಂತರದಿಂದ ಬಾಣ ಮಾಡುವ ಮನೆ ಎಂದು ತೌಫೀಕ್ ಹೇಳುತ್ತಾರೆ.

ಪುನಃ ಓದಿಸಿದೆ. "ಉಗ್ಗಪ್ಪ ಎಂದು ಎಲ್ಲಾದರೂ ಉಂಟಾ?" ಎಂದು ಕೇಳಿದೆ. ಅವನು ಬೆರಳಿಟ್ಟು ಹುಡುಕಿದ, ಪಾಪ. "ಇಲ್ಲ ಉಗ್ಗಪ್ಪಣ್ಣ, ಪುತ್ತಿಗೆ ಅಂತಲೂ ಇಲ್ಲ" ಎಂದ. ನಾನು ಕರೆದವರೆಲ್ಲ ಅಲ್ಲೇ ನಿಂತಿದ್ದರು.

ನಿನ್ನ ಅಜ್ಜ ತಲೆಯ ಮೇಲೆ ಬುಟ್ಟಿ ಹೊತ್ತು ನಮ್ಮ ಅಂಗಳಕ್ಕೆ ಮೀನು ತರುತ್ತಿದ್ದರು. ದೇವರಂಥ ಮನುಷ್ಯ. ಬಾಣದ ಯಾವ ತುದಿ ಮುಂದೆ, ಯಾವ ತುದಿ ಹಿಂದೆ ಎಂದು ಅವರಿಗೆ ಗೊತ್ತಿರಲಿಲ್ಲ. ಸತ್ತವರ ಬಾಯಲ್ಲಿ ನನ್ನ ಮಾತು ಹಾಕಿದೆಯಲ್ಲ ಮಾರಾಯ. ಮುದ್ದಣ್ಣ ಮಾವ ನನಗೆ ಇದನ್ನು ಕಲಿಸಲು ಹನ್ನೊಂದು ವರ್ಷ ತೆಗೆದುಕೊಂಡರು, ನಾನು ನಿನಗೆ ಎರಡು ಕಾಗದದಲ್ಲಿ ಕೊಟ್ಟುಬಿಟ್ಟೆ. ನನ್ನ ತಮ್ಮನ ಮಕ್ಕಳು ಕೇಳಿದಾಗಲೂ ಇಷ್ಟು ಬಿಚ್ಚಿ ಹೇಳಿರಲಿಲ್ಲ. ನೀನು ಕಳ್ಳ. ನನ್ನ ಉಪ್ಪು ತಿಂದು, ನನ್ನ ಬೈರಾಸು ಕಣ್ಣಿಗೆ ಕಟ್ಟಿಸಿಕೊಂಡು ಕಲಿತ ಕಳ್ಳ. ದಮಯಂತಿಗೆ ನಾನು ಇನ್ನೂ ಹೇಳಿಲ್ಲ. ಹೇಗೆ ಹೇಳುವುದು?

ನಿನ್ನ ಗರಿಗಳು ಎದುರು ಉಂಟು. ಮೊನ್ನೆಯೇ ಆಯ್ದು ಇಟ್ಟಿದ್ದೆ, ಮೂವತ್ತಾರೂ ಎಡರೆಕ್ಕೆಯದು, ಒಂದೇ ಹೊಳಪು. ಅದರಿಂದ ಹನ್ನೆರಡು ತೆಗೆದೆ. ಹನ್ನೆರಡು ಬಲರೆಕ್ಕೆಯದು ಹಾಕಿದೆ. ಎರಡು ಎಡ, ಒಂದು ಬಲ, ಹಾಗೆ ಹನ್ನೆರಡು ಕಟ್ಟು ಕಟ್ಟಿದೆ.

ನಿನಗೆ ಗೊತ್ತಾಗುತ್ತದೆ. ಆದರೂ ನೀನು ಅಂಟಿಸುವ ಹಾಗೆ ನಾನು ಮಾಡುತ್ತೇನೆ.


ಪುತ್ತಿಗೆ
20-11-2004

ತೌಫೀಕನಿಗೆ,

ಕೇಳಿದ ಗರಿ ಕಳಿಸಿದ್ದೇನೆ. ಮೂರು ಮೂರರ ಹನ್ನೆರಡು ಕಟ್ಟು. ಒಂದು ಕಟ್ಟು ಒಂದು ಬಾಣಕ್ಕೆ. ಒಂದು ಕಟ್ಟಿನ ಗರಿಯನ್ನು ಇನ್ನೊಂದಕ್ಕೆ ಬೆರೆಸಬೇಡ. ನಾನು ಆಯ್ದದ್ದನ್ನು ನೀನು ಪುನಃ ಆಯುವುದು ಬೇಡ. ಗಾಳಿಗೆ ಮುದ್ದಣ್ಣ ಮಾವನ ಉಪಾಯ ಹಿಂದೆ ಹೇಳಿದ್ದೆನಲ್ಲ, ಅದು ಇದರಲ್ಲಿ ಉಂಟು.

ಇಲ್ಲಿ ಮಳೆ ಬಿಟ್ಟಿದೆ. ನಿನ್ನ ಉಪ್ಪ ಉಮ್ಮ ಆರಾಮ ಇದ್ದಾರೆ.

ಉಗ್ಗಪ್ಪ


ಶಾರ್ಜಾ
3-12-2004

ಉಗ್ಗಪ್ಪಣ್ಣನಿಗೆ ಸಲಾಂ.

ಹೇಗೆ ಶುರು ಮಾಡುವುದು ಎಂದು ಗೊತ್ತಾಗದೆ ಮೂರು ಹಾಳೆ ಹರಿದೆ. ಮೊದಲು ನನ್ನ ತಪ್ಪು ಹೇಳುತ್ತೇನೆ, ನಂತರ ಉಳಿದದ್ದು.

ಅಕ್ಟೋಬರಿನಲ್ಲಿ ಪೇಪರಿನವರೊಬ್ಬರು ಬಂದಿದ್ದರು. ಪಕ್ಕದಲ್ಲಿ ಅರಬಾಬ್ ಇದ್ದರು. ನಿನಗೆ ಯಾರು ಕಲಿಸಿದ್ದು ಎಂದು ಕೇಳಿದರು. ಆ ಹೊತ್ತಿಗೆ ನಾನು ಅರಬಾಬ್ ಹತ್ತಿರ, ಇದು ನಮ್ಮ ಮನೆಯ ವಿದ್ಯೆ, ಅಜ್ಜನದು ಎಂದು ಹೇಳಿಯಾಗಿತ್ತು. ಬಂದ ದಿನವೇ ಹೇಳಿದ್ದೆ. ಊರಿನಲ್ಲಿ ನೋಡಿ ಕಲಿತದ್ದು ಎಂದರೆ ಇಟ್ಟುಕೊಳ್ಳಲಿಕ್ಕಿಲ್ಲ, ಪುನಃ ಟೈಲ್ಸ್ ಹೊರಿಸಿಯಾರು ಎಂದು ಹೆದರಿಕೆ. ಒಂದು ಸುಳ್ಳಿನ ಮೇಲೆ ಕೂತಿದ್ದೆ, ಪೇಪರಿನವರಿಗೂ ಅದನ್ನೇ ಹೇಳಿದೆ. ನೀವು ಹೆಸರು ಕೂಗಿದೆಯಾ ಎಂದು ಕೇಳಿದಾಗಲೆಲ್ಲ ನನಗೆ ಕಾಗದ ಮುಟ್ಟಲು ನಾಚಿಕೆ ಆಗುತ್ತಿತ್ತು. ಆ ಪೇಪರು ನಿಮಗೆ ಕಾಣಲಿಕ್ಕಿಲ್ಲ, ಮಲಯಾಳದ್ದು ಎಂದು ಸಮಾಧಾನ ಮಾಡಿಕೊಂಡೆ. ಅದು ಇನ್ನೂ ದೊಡ್ಡ ನಾಚಿಕೆ. ನಿಮ್ಮ ಕಾಲು ಹಿಡಿಯುತ್ತೇನೆ ಉಗ್ಗಪ್ಪಣ್ಣ, ಕ್ಷಮಿಸಿಬಿಡಿ.

ಗರಿ ಬಂದದ್ದು ಬುಧವಾರ. ಕಟ್ಟು ಕೈಗೆ ತೆಗೆದುಕೊಂಡ ಕೂಡಲೇ ಗೊತ್ತಾಯಿತು, ಪ್ರತಿಯೊಂದರಲ್ಲೂ ಒಂದು ಬಲರೆಕ್ಕೆಯದು. ತುಂಬ ಹೊತ್ತು ನೋಡುತ್ತಾ ಕೂತೆ. ಮಾವನ ಉಪಾಯ ಇದರಲ್ಲಿ ಉಂಟು ಎಂದು ನೀವು ಬರೆದಿದ್ದಿರಿ. ಬೇರೆ ಯಾರಾದರೂ ಕಳಿಸಿದ್ದರೆ ನಕ್ಕು ಬಿಸಾಡುತ್ತಿದ್ದೆ. ನೀವು ಕಳಿಸಿದ್ದರಲ್ಲಿ ನನಗೆ ಗೊತ್ತಿಲ್ಲದ್ದು ಎಂತದೋ ಉಂಟು, ಎರಡು ಎಡ ಒಂದು ಬಲ ಮರಳುಗಾಳಿಗೆ ಸರಿಹೋಗುತ್ತದೋ ಏನೋ ಎಂದುಕೊಂಡು ಹಾಗೆಯೇ ಅಂಟಿಸಿದೆ. ಶುಕ್ರವಾರ ಬೆಳಿಗ್ಗೆವರೆಗೂ ಅಂಟು ಒಣಗಲಿಲ್ಲ, ಬಿಟ್ಟು ನೋಡಲು ಹೊತ್ತು ಸಿಗಲಿಲ್ಲ.

ಆ ದಿನ ಗುರಿಯ ಎದುರು ನಿಂತು, ಅರಬಾಬ್ ಮತ್ತು ಅಷ್ಟೂ ಜನರ ಎದುರು, ಅಜ್ಜನ ಮಾತು ಸುಳ್ಳು, ನನಗೆ ಕಲಿಸಿದವರು ಬೇರೆ ಎಂದು ಹೇಳಿದೆ. ನಿಮ್ಮ ಹೆಸರು ಮೂರು ಸಲ ಕೂಗಿದೆ. ಗಂಟಲು ಹರಿಯುವ ಹಾಗೆ ಕೂಗಿದೆ. ಆಮೇಲೆ ಬಾಣ ಬಿಟ್ಟೆ.

ಒಂದೂ ಸರಿ ಹೋಗಲಿಲ್ಲ. ಹತ್ತು ಮಾರು ಹೋಗುವುದರೊಳಗೆ ತಲೆ ಅಲ್ಲಾಡಿಸಿ ಬಿದ್ದವು. ನಾಲ್ಕನೆಯದಕ್ಕೆ ಜನ ನಗಲು ಶುರು ಮಾಡಿದರು. ಹನ್ನೆರಡೂ ಬಿಡಬೇಕು ಎಂದು ನಿಯಮ, ಬಿಟ್ಟೆ.

ನನ್ನ ಕೆಲಸದ ವಿಷಯ ನೀವು ಆಲೋಚಿಸಬೇಡಿ. ಸುಳ್ಳು ಹೇಳಿದವನಿಗೆ ಅಷ್ಟಾದರೂ ಆಗಬೇಕಿತ್ತು. ನನಗೆ ಬೇರೆಯದೇ ಚಿಂತೆ. ನೀವು ತಪ್ಪು ಗರಿ ಕಟ್ಟುವವರಲ್ಲ. ಹಾಗಾದರೆ ನಿಮಗೆ ಕಣ್ಣು ಮಂಜಾಗಿದೆ, ಯಾರಿಗೂ ಹೇಳುತ್ತಿಲ್ಲ. ಕೊನೆಯ ಕಾಗದವೂ ಅಷ್ಟು ಚಿಕ್ಕದಿತ್ತು, ಬರೆಯಲು ಕಾಣುತ್ತಿಲ್ಲವೋ ಎಂದು ಆಗಲೇ ಹೆದರಿದೆ. ಉಪ್ಪನಿಗೆ ಫೋನು ಮಾಡಿ ಹೇಳಿದ್ದೇನೆ. ಅವರು ಬಂದು ನಿಮ್ಮನ್ನು ಕಾಸರಗೋಡಿಗೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಹಟ ಮಾಡಬೇಡಿ. ಆಪರೇಷನ್ ಎಂದರೆ ಮಾಡಿಸಿಕೊಳ್ಳಿ. ನಿಮ್ಮ ಕಣ್ಣು ಹೋದರೆ ನನ್ನದೂ ಹೋದ ಹಾಗೆ.

ನಿಮ್ಮ
ತೌಫೀಕ್


ಪುತ್ತಿಗೆ
10-1-2005

ತೌಫೀಕಾ,

ನಿನ್ನ ಕಾಗದ ಕೈಗೆ ಬರುವ ಮೊದಲೇ ನಿನ್ನ ಉಪ್ಪ ಬಂದರು. ಬೆಳಿಗ್ಗೆ ಅಂಗಳದಲ್ಲಿ ರಿಕ್ಷಾ ನಿಂತಿತು. ಬಿಳಿ ಅಂಗಿ, ಹೊಸ ಲುಂಗಿ. "ಹೊರಡು ಉಗ್ಗಪ್ಪ, ಮಾತಿಲ್ಲ" ಎಂದರು. ಎಂತಕ್ಕೆ ಎಂದೆ. "ನನಗೆಲ್ಲ ಗೊತ್ತುಂಟು, ಇಷ್ಟು ವರ್ಷದ ದೋಸ್ತಿಯಲ್ಲಿ ನನ್ನಿಂದ ಮುಚ್ಚಿಟ್ಟೆಯಲ್ಲ" ಎಂದರು. ಗರಿಯ ವಿಷಯ ಗೊತ್ತಾಯಿತು ಎಂದೇ ತಿಳಿದೆ. ಮತ್ತೆ ನೋಡಿದರೆ ಕಣ್ಣಿನ ವಿಷಯ. ಕೈಹಿಡಿದು ಮೆಟ್ಟಿಲು ಇಳಿಸಿದರು, ಕುರುಡನನ್ನು ಇಳಿಸುವ ಹಾಗೆ. ದಾರಿಯುದ್ದಕ್ಕೂ, ಎಡಗಡೆ ಹೊಂಡ ಉಂಟು, ಬಲಗಡೆ ಬಸ್ಸು ಬಂತು ಎಂದು ನನಗೆ ವಿವರಿಸುತ್ತಾ ಬಂದರು.

ಡಾಕ್ಟರ ಹತ್ತಿರ ಮಲಯಾಳ ಅಕ್ಷರದ ಬೋರ್ಡು, ಇಂಗ್ಲಿಷಿನದ್ದು, ಎರಡೂ ನನಗೆ ಬಾರದು. ಆಗ ಇನ್ನೊಂದು ಬೋರ್ಡು ತಂದರು. ಬಾಚಣಿಗೆಯ ಹಾಗೆ ಮೂರು ಹಲ್ಲಿನ ಗುರುತುಗಳು. ಹಲ್ಲು ಯಾವ ಕಡೆಗೆ ಎಂದು ಹೇಳಿದರೆ ಸಾಕು ಎಂದರು. ಮೇಲಿನಿಂದ ಹೇಳುತ್ತಾ ಬಂದೆ. ಎಡ. ಬಲ. ಬಲ. ಎಡ. ಕೆಳಗೆ ಹೋದ ಹಾಗೆ ಗುರುತು ಚಿಕ್ಕದಾಯಿತು, ಒಂದಾದರೂ ತಪ್ಪಲಿ ದೇವರೇ ಎಂದು ಬೇಡಿಕೊಂಡೆ. ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಬಾಯಿ ತನ್ನಷ್ಟಕ್ಕೆ ಸರಿಯಾದದ್ದನ್ನೇ ಹೇಳಿತು, ಕೊನೆಯ ಸಾಲಿನವರೆಗೂ. ನಿನ್ನ ಉಪ್ಪ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. "ಹದ್ದಿನ ಕಣ್ಣು ಡಾಕ್ಟ್ರೇ, ಹದ್ದಿನ ಕಣ್ಣು" ಎಂದರು. ಹೊರಗೆ ಬಂದು ನನಗೆ ಚಾ ಕುಡಿಸಿ, ಮುಖ ಒರೆಸಿಕೊಂಡರು. ಅವರು ಅಳುತ್ತಿದ್ದರು.

ಮನೆಗೆ ಬಂದಾಗ ನಿನ್ನ ಕಾಗದ ಬಂದಿತ್ತು. ಓದಿದೆ. ಅದಾಗಿ ಇಪ್ಪತ್ತು ದಿನ ಕಳೆಯಿತು.

ನಾನು ಪೇಪರು ನೋಡಿದ್ದೆ. ಆ ದಿನ ಬರೆದು ಹಾಕದೆ ಇಟ್ಟ ಕಾಗದ ಇದರ ಜೊತೆ ಉಂಟು, ಓದು. ಅದರಲ್ಲಿ ಕಳ್ಳ ಎಂದು ಬರೆದಿದ್ದೇನೆ. ಅದನ್ನು ಈಗ ಹೊಡೆದು ಹಾಕಬೇಕೋ ಬೇಡವೋ ಎಂದು ಗೊತ್ತಾಗಲಿಲ್ಲ, ಹಾಗೆಯೇ ಬಿಟ್ಟಿದ್ದೇನೆ. ನೀನು ಮಾಡಿದ್ದು ಸಣ್ಣದಲ್ಲ. ಆದರೆ ನೀನು ಹೆದರಿ ಮಾಡಿದೆ, ನಾನು ಮೂರು ದಿನ ಆಲೋಚಿಸಿ ಮಾಡಿದೆ. ನೀನು ನನ್ನ ಮಾತು ಮೀರುವುದಿಲ್ಲ ಎಂದು ಗೊತ್ತಿದ್ದೇ ಮಾಡಿದೆ. ಮುದ್ದಣ್ಣ ಮಾವನ ಹತ್ತಿರ ಯಾವ ಉಪಾಯವೂ ಇರಲಿಲ್ಲ. ಗಾಳಿ ಬಂದರೆ ಅವರು ಬಿಲ್ಲು ಕೆಳಗಿಟ್ಟು, ವೀಳ್ಯ ಹಾಕಿಕೊಂಡು, ಗಾಳಿ ನಿಲ್ಲುವವರೆಗೆ ಕೂರುತ್ತಿದ್ದರು. ಅಷ್ಟೇ. ನೀನು ರಜೆಯಲ್ಲಿ ಬಂದಾಗ ಹೇಳಿ ನಗಿಸಬೇಕು ಎಂದಿದ್ದೆ.

ದಮಯಂತಿಗೆ ಎಲ್ಲ ಹೇಳಿದೆ. ಅವಳು ನನ್ನ ಹತ್ತಿರ ಮಾತಾಡುವುದಿಲ್ಲ.

ನನ್ನ ಕಣ್ಣು ಸರಿ ಉಂಟು ತೌಫೀಕ್. ಆಗಲೂ ಸರಿ ಇತ್ತು.

ಉಗ್ಗಪ್ಪ


ಶಾರ್ಜಾ
10-2-2006

ಉಗ್ಗಪ್ಪಣ್ಣನಿಗೆ,

ಒಂದು ವರ್ಷ ಕಳೆದು ಬರೆಯುತ್ತಿದ್ದೇನೆ. ನಡುವೆ ನೀವು ಹಾಕಿದ ನಾಲ್ಕು ಕಾಗದ ಬಂದಿವೆ. ಒಡೆದಿಲ್ಲ.

ಇವತ್ತು ಅಲ್ಲಿ ಕೆಡ್ಡಸ ಎಂದು ಲೆಕ್ಕ ಹಾಕಿದೆ, ಅದಕ್ಕೆ ಕೂತೆ. ಬರೆಯುವುದು ಸ್ವಲ್ಪವೇ ಉಂಟು.

ಈ ಕೆಲಸಕ್ಕೆ ಕಣ್ಣು ಬೇಡ ಎಂದು ನೀವೇ ಕಲಿಸಿದ್ದು. ಕಣ್ಣು ಕಟ್ಟಿ ಕಲಿಸಿದ್ದು. ಕಣ್ಣು ಮಂಜಾದರೂ ನಿಮ್ಮ ಬೆರಳು ತಪ್ಪುವುದಿಲ್ಲ ಎಂದು ನನಗೆ ಆ ಬುಧವಾರವೇ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಮಾಡಿದೆ. ಗರಿಗಳನ್ನು ಎಣಿಸಿಯೂ ನೋಡಿದ್ದೆ. ಇಪ್ಪತ್ತನಾಲ್ಕು ಎಡ, ಹನ್ನೆರಡು ಬಲ. ಕಟ್ಟು ಬಿಚ್ಚಿ ಬೇರೆ ಮಾಡಿದ್ದರೆ ಎಡದ್ದು ಎಂಟು ಬಾಣ, ಬಲದ್ದು ನಾಲ್ಕು ಬಾಣ, ಹನ್ನೆರಡೂ ನೇರ ಹೋಗುತ್ತಿದ್ದವು. ಐದು ನಿಮಿಷದ ಕೆಲಸ. ಕಟ್ಟು ಬೆರೆಸಬೇಡ ಎಂದು ನೀವು ಬರೆದಿದ್ದಿರಿ. ಬೆರೆಸಲಿಲ್ಲ.

ನಾನು ಹೇಳಿದ ಸುಳ್ಳಿಗೆ ನೀವು ನನಗೆ ಹೊಡೆಯಬಹುದಿತ್ತು, ಊರಿಗೆ ಬಂದಾಗ ಮುಖಕ್ಕೆ ಉಗಿಯಬಹುದಿತ್ತು. ನಿಂತುಕೊಳ್ಳುತ್ತಿದ್ದೆ. ನೀವು ನನ್ನ ಕೈಯಿಂದಲೇ ಅಂಟಿಸಿದಿರಿ. ಅದನ್ನು ಹೇಗೆ ಮರೆಯುವುದು ಎಂದು ಒಂದು ವರ್ಷ ಆಲೋಚಿಸಿದೆ, ಆಗಲಿಲ್ಲ.

ಉಪ್ಪನಿಗೆ ನಾನು ಹೇಳಿಲ್ಲ, ನೀವೂ ಹೇಳಬೇಡಿ. ಫೋನು ಮಾಡಿದಾಗಲೆಲ್ಲ ಅವರು ನಿಮ್ಮ ಕಣ್ಣಿನ ಕಥೆ ಹೇಳಿ ಸಂತೋಷಪಡುತ್ತಾರೆ. ಅವರಿಗೆ ಅದು ಇರಲಿ. ಟರ್ಕಿಯ ಗರಿ ತಂದುಕೊಟ್ಟರೆ ತೆಗೆದುಕೊಳ್ಳಿ. ನನಗೆ ಕಳಿಸಬೇಡಿ.

ಒಂದು ವಿಷಯ ಆಗ ಬರೆದಿರಲಿಲ್ಲ, ನಿಮಗೆ ಬೇಸರ ಆಗಬಾರದು ಎಂದು ಬಿಟ್ಟಿದ್ದೆ. ಪ್ರದರ್ಶನದಲ್ಲಿ ಪ್ರತಿ ಬಾಣದ ಮೇಲೆ ಅದು ಯಾರ ವಿದ್ಯೆ ಎಂದು ಹೆಸರು ಬರೆಯಬೇಕಿತ್ತು. ಅದಕ್ಕೆ ಗುರುವಾರ ಹನ್ನೆರಡರ ಮೇಲೂ ಕನ್ನಡದಲ್ಲಿ ಬರೆದಿದ್ದೆ, ಪುತ್ತಿಗೆ ಉಗ್ಗಪ್ಪ ಎಂದು. ಶಾಯಿ ಅಳಿಸದ್ದು. ಆ ಬಾಣಗಳನ್ನು ಅರಬಾಬ್ ಬಿಸಾಡಲಿಲ್ಲ. ಕ್ಲಬ್ಬಿನ ಬಾಗಿಲಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಹೊಸದಾಗಿ ಕಲಿಯಲು ಬಂದವರಿಗೆ, ಬಾಣ ಹೇಗೆ ಮಾಡಬಾರದು ಎಂದು ತೋರಿಸಲು. ನಾನು ಮಾಡಿದ ಒಳ್ಳೆಯ ಬಾಣಗಳ ಮೇಲೆ ಯಾರ ಹೆಸರೂ ಇಲ್ಲ, ಅವು ಮುರಿದು ಹೋದವು.

ಗೋದಾಮಿನ ಕೆಲಸ ಮುಗಿಸಿ ವಾರಕ್ಕೊಮ್ಮೆ ಕ್ಲಬ್ಬು ಗುಡಿಸಲು ನನ್ನನ್ನು ಕಳಿಸುತ್ತಾರೆ. ಗಾಜು ಒರೆಸುವುದೂ ನಾನೇ. ಕನ್ನಡ ಓದಲು ಬರುವವನು ಇಲ್ಲಿ ನಾನೊಬ್ಬನೇ.

ತೌಫೀಕ್